ಪ್ಲಾಸ್ಟಿಕ್ ಸೇಬು ಕಿತ್ತ ರೋಬೊ, ಪೇರಲ ಗಿಡದ ಮುಂದೆ

ಈಚೆಗೆ ಕಲಬುರಗಿಯ ಒಂದು ಎಂಜಿನಿಯರಿಂಗ್ ಕಾಲೇಜಿನವರು ಕೊನೆಯ ವರ್ಷದ ಹುಡುಗರ ಪ್ರಾಜೆಕ್ಟ್ ಪ್ರದರ್ಶನಕ್ಕೆ ನನ್ನನ್ನು ಕರೆದಿದ್ದರು. ಪಂಪ್ ಸರ್ವಿಸ್ ಕೆಲಸದಲ್ಲೇ ತಲೆ ಬೆಳ್ಳಗೆ ಮಾಡಿಕೊಂಡವನು, ಬಂದು ನಾಲ್ಕು ಮಾತು ಹೇಳಲಿ ಅಂತ. ಒಂದು ಟೇಬಲ್ ಮುಂದೆ ಜನ ಜಾಸ್ತಿ ಇದ್ದರು. ನಾಲ್ಕು ಗಾಲಿ, ಮೇಲೊಂದು ಕೈ, ಕೈಗೊಂದು ಕ್ಯಾಮೆರಾ. ಎದುರಿಗೆ ಮನೆಯ ಹಾಲಿನಲ್ಲಿ ಇಡುವಂಥ ಪ್ಲಾಸ್ಟಿಕ್ ಗಿಡ. ಅದಕ್ಕೆ ದಾರದಲ್ಲಿ ಕಟ್ಟಿದ ಮೂರು ಕೆಂಪು ಪ್ಲಾಸ್ಟಿಕ್ ಸೇಬು. ಹುಡುಗ ಲ್ಯಾಪ್‌ಟಾಪಿನ ಒಂದು ಗುಂಡಿ ಒತ್ತಿದ. ಕೈ ಗರ್ ಅಂತ ಎದ್ದಿತು, ಒಂದು ಕ್ಷಣ ತಡೆಯಿತು, ಒಂದು ಸೇಬು ಹಿಡಿದು ಎಳೆದು ಬುಟ್ಟಿಗೆ ಹಾಕಿತು. ಚಪ್ಪಾಳೆ.

ನಾನೂ ತಟ್ಟಿದೆ. ಆಮೇಲೆ ಕೇಳಿದೆ.

"ಸೇಬು ಯಾಕೋ ತಮ್ಮಾ? ನಮ್ಮ ಕಡಿ ಯಾರ ಹೊಲದಾಗ ಬೆಳೀತದ?"

"ಇಂಟರ್‌ನೆಟ್‌ನಾಗ ಸೇಬಿನ ಫೋಟೋನೇ ರಗಡ ಸಿಗ್ತಾವ್ರಿ ಸರ್. ಪೇರಲದ್ದು ಇಲ್ರಿ."

ಹುಡುಗ ಸುಳ್ಳು ಹೇಳಲಿಲ್ಲ. ಯಂತ್ರಕ್ಕೆ ಕಲಿಸಬೇಕಾದರೆ ಸಾವಿರಾರು ಫೋಟೋ ಬೇಕು. ಯಾವ ಹಣ್ಣಿನ ಫೋಟೋ ಸಿಗುತ್ತದೋ ಅದನ್ನೇ ಯಂತ್ರ ಕೀಳುತ್ತದೆ. ಸೇಬಿನ ಫೋಟೋ ತೆಗೆದವರು ಸೇಬು ಬೆಳೆಯುವ ದೇಶದವರು. ಅಂದರೆ ಕಲಬುರಗಿಯ ಹುಡುಗ ಬಿಡಿಸುತ್ತಿದ್ದ ಲೆಕ್ಕ ಬೇರೆಯವರದ್ದು. ಆ ದಿನದಿಂದ ಈ ಮಾತು ತಲೆಯಲ್ಲಿ ಕೂತುಬಿಟ್ಟಿದೆ.

ಬೀದರ್‌ನಿಂದ ಯಾದಗಿರಿವರೆಗೆ ಯಾರನ್ನು ಮಾತಾಡಿಸಿದರೂ ಈಗ ಒಂದೇ ದೂರು: ಕಟಾವಿಗೆ ಆಳು ಸಿಗೋದಿಲ್ಲ. ಸಿಕ್ಕರೂ ಬೇಕಾದ ದಿನ ಸಿಗೋದಿಲ್ಲ. ತೊಗರಿ ಹೊಲಕ್ಕೆ ಹಾರ್ವೆಸ್ಟರ್ ಇಳಿಯಿತು. ಕಬ್ಬಿಗೂ ಕಡಿಯುವ ಮಷಿನ್ ಬಂತು. ಹಣ್ಣಿಗೆ ಮಾತ್ರ ಇನ್ನೂ ಮನುಷ್ಯನ ಬೆರಳೇ ಬೇಕು. ಯಾಕೆ? ಮೊಬೈಲ್ ನಮ್ಮ ಮುಖ ಗುರುತಿಸುತ್ತದೆ, ಡ್ರೋನ್ ಹೊಲದ ಮೇಲೆ ಔಷಧ ಸಿಂಪಡಿಸುತ್ತದೆ, ಒಂದು ಪೇರಲ ಕೀಳೋದು ಅಷ್ಟು ಕಷ್ಟವಾ?

ಕಷ್ಟವೇ. ಈ ಕನಸಿಗೆ ಅರ್ಧ ಶತಮಾನದ ಮೇಲೆ ವಯಸ್ಸಾಗಿದೆ. ಅಮೆರಿಕದ ಶರ್ಟ್ಸ್ ಮತ್ತು ಬ್ರೌನ್ ಎಂಬ ಇಬ್ಬರು ಕಿತ್ತಳೆ ಜಾತಿಯ ಹಣ್ಣನ್ನು ಯಂತ್ರದ ಕಣ್ಣಿನಿಂದ ಹುಡುಕಿ ಒಂದೊಂದಾಗಿ ಕೀಳಬಹುದು ಅಂತ ಬರೆದದ್ದು 1968ರಲ್ಲಿ. ಫ್ರಾನ್ಸಿನವರು 1980ರ ದಶಕದಲ್ಲಿ ಸೇಬು ಕೀಳುವ ಯಂತ್ರವನ್ನು ತೋಟಕ್ಕೆ ಇಳಿಸಿ ನೋಡಿದರು. ನೆದರ್ಲೆಂಡ್ಸಿನ ವಾಗೆನಿಂಗನ್‌ನ ಸಂಶೋಧಕರು 2014ರಲ್ಲಿ ಒಂದು ಒಳ್ಳೆ ಕೆಲಸ ಮಾಡಿದರು. ಮೂವತ್ತು ವರ್ಷಗಳಲ್ಲಿ ಜಗತ್ತಿನಲ್ಲಿ ನಡೆದ 50 ಇಂಥ ಪ್ರಾಜೆಕ್ಟುಗಳನ್ನು ಸಾಲಾಗಿ ಇಟ್ಟು ಲೆಕ್ಕ ಹಾಕಿದರು. ಸರಾಸರಿಯಲ್ಲಿ ನೂರು ಹಣ್ಣಿಗೆ 66 ಕಿತ್ತಿದ್ದವು. ಒಂದು ಹಣ್ಣಿಗೆ 33 ಸೆಕೆಂಡು. ಅಷ್ಟರಲ್ಲಿ ನಮ್ಮವರು ಒಂದು ಟೊಂಗೆ ಖಾಲಿ ಮಾಡಿರುತ್ತಾರೆ.

ಆಮೇಲಿನ ವರ್ಷಗಳಲ್ಲಿ ವೇಗ ಹೆಚ್ಚಿತು, ನಿಜ. ವಾಷಿಂಗ್ಟನ್ ರಾಜ್ಯದ ಸೇಬಿನ ತೋಟದಲ್ಲಿ ಒಂದು ರೋಬೊ 150 ಸೇಬಿಗೆ ಕೈ ಹಾಕಿ 127 ಕಿತ್ತಿತು, ಒಂದಕ್ಕೆ ಸರಾಸರಿ 6 ಸೆಕೆಂಡಿನಂತೆ. ಅದರ ವರದಿ ಬಂದದ್ದು 2017ರಲ್ಲಿ. ನ್ಯೂಜಿಲೆಂಡಿನಲ್ಲಿ ನಾಲ್ಕು ಕೈಗಳ ರೋಬೊ ಕಿವಿ ಹಣ್ಣನ್ನು 5.5 ಸೆಕೆಂಡಿಗೆ ಒಂದರಂತೆ ಕಿತ್ತಿತು. ಆದರೆ ತೋಟದಲ್ಲಿದ್ದ ಹಣ್ಣಿನಲ್ಲಿ ಅದಕ್ಕೆ ಸಿಕ್ಕಿದ್ದು 51 ಶೇಕಡಾ. ಉಳಿದ ಅರ್ಧಕ್ಕೆ ಮತ್ತೆ ಆಳು ಕಳಿಸಬೇಕು. ಎರಡು ಸಲ ತೋಟ ಹೊಕ್ಕರೆ ಉಳಿತಾಯ ಎಲ್ಲಿಂದ ಬರಬೇಕು?

ಇವೆಲ್ಲದರಲ್ಲಿ ನನಗೆ ಬಹಳ ಹಿಡಿಸಿದ ಲೆಕ್ಕ ಇನ್ನೊಂದಿದೆ. ಯುರೋಪಿನ ಹಲವು ಸಂಸ್ಥೆಗಳು ಸೇರಿ ದೊಣ್ಣೆ ಮೆಣಸಿನಕಾಯಿ ಕೀಳಲು 'ಸ್ವೀಪರ್' ಎಂಬ ರೋಬೊ ಮಾಡಿದವು. ನೆದರ್ಲೆಂಡ್ಸಿನ ಗಾಜಿನ ಮನೆಯಲ್ಲಿ ಪರೀಕ್ಷೆ ನಡೆಯಿತು. ಗಾಳಿ ಇಲ್ಲ, ಮಳೆ ಇಲ್ಲ, ಸಾಲಿನ ನಡುವೆ ಹಳಿ. ಯಂತ್ರಕ್ಕೆ ಅನುಕೂಲ ಆಗುವ ಹಾಗೆ ಬೆಳೆಯನ್ನು ಸರಿಪಡಿಸಿ ಕೊಟ್ಟಾಗ ಅದು ನೂರಕ್ಕೆ 61 ಕಾಯಿ ಕಿತ್ತಿತು. ಬೆಳೆಯನ್ನು ಇದ್ದ ಹಾಗೇ ಬಿಟ್ಟಾಗ 18. ಅದೇ ಯಂತ್ರ, ಅದೇ ಕ್ಯಾಮೆರಾ, ಅದೇ ಸಾಫ್ಟ್‌ವೇರ್. ಬದಲಾದದ್ದು ಗಿಡ ಮಾತ್ರ.

ಇದೇ ವರದಿಯಲ್ಲಿ ಇನ್ನೊಂದು ಅಂಕಿ ಇದೆ, ಅದರ ಕಡೆ ಯಾರೂ ಜಾಸ್ತಿ ಕಣ್ಣು ಹಾಯಿಸುವುದಿಲ್ಲ. ಒಂದು ಕಾಯಿಗೆ ಒಟ್ಟು 24 ಸೆಕೆಂಡು. ಅದರಲ್ಲಿ ಸುಮಾರು ಅರ್ಧ ಹೋದದ್ದು ಕಿತ್ತ ಕಾಯಿಯನ್ನು ಡಬ್ಬಕ್ಕೆ ಹಾಕಲು ಮತ್ತು ಗಾಡಿ ಮುಂದೆ ಸರಿಯಲು. ಹುಡುಕಲು, ಹಿಡಿಯಲು, ಕತ್ತರಿಸಲು ಉಳಿದ ಅರ್ಧ. ಈ ಅಂಕಿ ನೆನಪಿನಲ್ಲಿರಲಿ, ಆಮೇಲೆ ಬೇಕಾಗುತ್ತದೆ.

ಹುಮನಾಬಾದ್ ಹತ್ತಿರ ನಮ್ಮ ಬೀಗರ ಪೇರಲ ತೋಟ ಇದೆ. ಕೆಂಪು ಮಣ್ಣು, ಸಾಲು ಗಿಡ, ಆದರೆ ಟೊಂಗೆಗಳು ತಮಗೆ ಬೇಕಾದ ಕಡೆ ಹೋಗಿವೆ. ಪ್ರದರ್ಶನ ಮುಗಿದ ಮೇಲೊಂದು ದಿನ ಅಲ್ಲಿ ಹೋಗಿ ಸುಮ್ನೆ ಕೂತು ನೋಡಿದೆ. ಒಬ್ಬ ಅಕ್ಕ ಸೆರಗು ಬಿಗಿದು ಕಾಯಿ ಕೀಳುತ್ತಿದ್ದಳು. ಮೊಬೈಲಿನಲ್ಲಿ ಟೈಮರ್ ಹಾಕಿದೆ. ಎರಡು ಸೆಕೆಂಡಿಗೆ ಒಂದು, ಹೆಚ್ಚೆಂದರೆ ಮೂರು.

ಆ ಎರಡು ಸೆಕೆಂಡಿನಲ್ಲಿ ಏನೇನು ಆಗುತ್ತದೆ ಅಂತ ಬಿಡಿಸಿ ನೋಡಿದರೆ ಎಂಜಿನಿಯರ್ ಆದವನಿಗೆ ಬೆವರು ಬರುತ್ತದೆ. ಎಡಗೈ ಹಿಂಬದಿಯಿಂದ ಎಲೆ ಸರಿಸುತ್ತದೆ. ಕಣ್ಣು ಬಣ್ಣ ನೋಡುತ್ತದೆ: ಕಡು ಹಸಿರು ಹೋಗಿ ತಿಳಿ ಹಸಿರು ಬಂದಿದೆಯಾ? ಹೆಬ್ಬೆರಳು ಒಂದು ಸಲ ಒತ್ತುತ್ತದೆ. ಗಟ್ಟಿ ಇದ್ದರೆ ಬಿಟ್ಟುಬಿಡುತ್ತದೆ, ನಾಡಿದ್ದಿಗೆ. ಹಣ್ಣಿನ ನೊಣ ಚುಚ್ಚಿದ ಚುಕ್ಕೆ ಇದ್ದರೆ ಕಿತ್ತು ಬೇರೆ ಕಡೆ ಒಗೆಯುತ್ತದೆ. ಚೆನ್ನಾಗಿದ್ದರೆ ಎಳೆಯುವುದಿಲ್ಲ, ತಿರುವುತ್ತದೆ, ತೊಟ್ಟಿಗೆ ಒಂದು ಎಲೆ ಉಳಿಯುವ ಹಾಗೆ. ಎಲೆ ಇದ್ದರೆ ಸಂತೆಯಲ್ಲಿ ಹಣ್ಣು ತಾಜಾ ಕಾಣುತ್ತದೆ. ಇಷ್ಟೆಲ್ಲ ಆಗುವಾಗ ಅಕ್ಕ ಪಕ್ಕದ ಸಾಲಿನವಳ ಜೊತೆ ಮಗಳ ಮದುವೆ ಮಾತು ನಡೆಸಿದ್ದಳು.

"ಏನ್ ಬರಕೊಳ್ಳಾಕತ್ತೀರಿ ಅಣ್ಣಾರ?" ಅಂದಳು.

"ಕಾಯಿ ಕೀಳೋ ಮಷಿನ್ ಮಾಡ್ಬೇಕಂತಾರವ್ವ. ನಿಮ್ಮ ಕೈ ನೋಡಾಕತ್ತೀನಿ."

ಬಿದ್ದು ಬಿದ್ದು ನಕ್ಕಳು. "ಅದ್ಕ ಹುಳಕ ಕಾಯಿ ಗೊತ್ತಾಗ್ತದೇನ್ರಿ?"

ಇದನ್ನೇ ಯಂತ್ರದ ಕಡೆಯಿಂದ ನೋಡಿ. ಸೇಬು ಕೆಂಪು, ಎಲೆ ಹಸಿರು, ಬೇರೆ ಮಾಡುವುದು ಸುಲಭ. ಪೇರಲ ಹಸಿರು, ಎಲೆಯೂ ಹಸಿರು. ಮನುಷ್ಯ ಎಲೆಯ ಹಿಂದೆ ಅರ್ಧ ಕಂಡ ಹಣ್ಣನ್ನು ಪೂರ್ತಿ ಊಹಿಸಿಕೊಳ್ಳುತ್ತಾನೆ. ಕ್ಯಾಮೆರಾಕ್ಕೆ ಕಂಡದ್ದಷ್ಟೇ ಇರುವುದು. ಹಣ್ಣು ಎಷ್ಟು ದೂರ ಇದೆ ಅಂತ ತಿಳಿಯಲು ಬಳಸುವ ಅಗ್ಗದ ಕ್ಯಾಮೆರಾಗಳಲ್ಲಿ ಬಹಳಷ್ಟು ಕಣ್ಣಿಗೆ ಕಾಣದ ಇನ್‌ಫ್ರಾರೆಡ್ ಬೆಳಕು ಚೆಲ್ಲಿ ಅಳೆಯುತ್ತವೆ. ನಮ್ಮ ಮಧ್ಯಾಹ್ನದ ಬಿಸಿಲಿನಲ್ಲಿ ಅದೇ ಬೆಳಕು ಸೂರ್ಯನಿಂದ ಧಾರಾಳವಾಗಿ ಸುರಿಯುತ್ತದೆ, ಕ್ಯಾಮೆರಾ ಕುರುಡಾಗುತ್ತದೆ. ಕೈ ಚಾಚಿದರೆ ನಡುವೆ ಟೊಂಗೆ. ಟೊಂಗೆಗೆ ತಗುಲಿದರೆ ಹಣ್ಣು ಅಲ್ಲಾಡುತ್ತದೆ, ಅಲ್ಲಾಡಿದರೆ ಲೆಕ್ಕ ತಪ್ಪಿತು, ಮತ್ತೆ ಮೊದಲಿನಿಂದ. ಚೀನಾದ ಗ್ವಾಂಗ್‌ಝೌ ಕಡೆಯವರು 2019ರಲ್ಲಿ ಪೇರಲದ ಮೇಲೇ ಕೆಲಸ ಮಾಡಿ, ಹಣ್ಣನ್ನಷ್ಟೇ ಅಲ್ಲ, ಅದರ ಪಕ್ಕದ ಟೊಂಗೆಯನ್ನೂ ಗುರುತಿಸಿ, ಕೈ ಯಾವ ದಿಕ್ಕಿನಿಂದ ಬರಬೇಕು ಅಂತ ತೀರ್ಮಾನಿಸುವ ದಾರಿ ತೋರಿಸಿದರು. ಒಳ್ಳೆಯ ಕೆಲಸ. ಅವರ ಗಿಡ ಅವರ ಹೊಲದ್ದು, ಅಷ್ಟೇ.

ಮಾವಿನದು ಇನ್ನೊಂದು ರಗಳೆ. ತೊಟ್ಟು ಬುಡಕ್ಕೇ ಮುರಿದರೆ ಸೊನೆ ಚಿಮ್ಮಿ ಸಿಪ್ಪೆ ಸುಟ್ಟು ಕಪ್ಪಾಗುತ್ತದೆ, ದರ ಬೀಳುತ್ತದೆ. ತೊಟ್ಟು ಸ್ವಲ್ಪ ಉಳಿಸಿ ಕತ್ತರಿಸಬೇಕು. ದ್ರಾಕ್ಷಿಯ ಮೇಲಿನ ಬೂದಿಯಂಥ ಪುಡಿ ಉಜ್ಜಿ ಹೋಗಬಾರದು. ನಿಂಬೆಗೆ ಮುಳ್ಳು. ಒಂದೊಂದು ಹಣ್ಣಿಗೂ ಒಂದೊಂದು ಕೈ ಬೇಕು.

ಇಲ್ಲಿ ಸ್ವಲ್ಪ ಹಡಗಿನ ಕಡೆ ಹೋಗಿ ಬರಬೇಕು. ಕಲಬುರಗಿಗೂ ಹಡಗಿಗೂ ಏನು ಸಂಬಂಧ ಅಂತ ಕೇಳಬೇಡಿ, ಸಂಬಂಧ ಇದೆ.

ಭೀಮಾ ದಂಡೆಯಲ್ಲಿ, ಅಫಜಲಪುರದ ಕಡೆ, ನಾನು ಬಹಳ ವರ್ಷ ಪಂಪ್ ರಿಪೇರಿಗೆ ಓಡಾಡಿದ್ದೇನೆ. ಬೇಸಿಗೆಯಲ್ಲಿ ನದಿ ಕೆಳಗಿಳಿಯುತ್ತದೆ, ಪಂಪು ದಂಡೆಯ ಮೇಲೇ ಉಳಿಯುತ್ತದೆ. ಆಗ ಪಂಪಿನಿಂದ ಒಂದು ಸದ್ದು ಬರುತ್ತದೆ, ತಗಡಿನ ಡಬ್ಬದಲ್ಲಿ ಹರಳು ಹಾಕಿ ಅಲ್ಲಾಡಿಸಿದ ಹಾಗೆ. ರೈತ ಒಳಗೆ ಕಲ್ಲು ಹೊಕ್ಕಿದೆ ಅಂದುಕೊಳ್ಳುತ್ತಾನೆ. ಬಿಚ್ಚಿ ನೋಡಿದರೆ ಕಲ್ಲು ಇರುವುದಿಲ್ಲ. ಒಳಗೆ ತಿರುಗಿ ನೀರು ತಳ್ಳುವ ಚಕ್ರ, ಇಂಪೆಲ್ಲರ್, ಮಾತ್ರ ಗೆದ್ದಲು ತಿಂದ ಕಟ್ಟಿಗೆ ಹಾಗೆ ತೂತು ತೂತು. ಆದದ್ದು ಇಷ್ಟು: ನೀರನ್ನು ತೀರ ಆಳದಿಂದ ಎಳೆಯುವಾಗ ಒಳಗೆ ಒತ್ತಡ ಕುಸಿಯುತ್ತದೆ. ಒತ್ತಡ ಕುಸಿದರೆ ನೀರು ತಣ್ಣಗಿದ್ದೂ ಕುದಿಯುತ್ತದೆ, ಗುಳ್ಳೆ ಏಳುತ್ತವೆ. ಒತ್ತಡ ಇರುವ ಕಡೆ ಬಂದ ಕೂಡಲೇ ಆ ಗುಳ್ಳೆಗಳು ಪಟಪಟ ಒಡೆದು ಲೋಹವನ್ನು ಕೆತ್ತುತ್ತವೆ. ಇದಕ್ಕೆ ಕ್ಯಾವಿಟೇಶನ್ ಅನ್ನುತ್ತಾರೆ. ಪಂಪನ್ನು ನೀರಿನ ಹತ್ತಿರ ಇಳಿಸಿದರೆ ಸದ್ದು ನಿಲ್ಲುತ್ತದೆ.

ಹಡಗಿನ ಎಂಜಿನಿಯರುಗಳ ತಲೆ ತಿಂದದ್ದೂ ಇದೇ ಗುಳ್ಳೆ. ಇಂಗ್ಲೆಂಡಿನ ಚಾರ್ಲ್ಸ್ ಪಾರ್ಸನ್ಸ್ 1894ರಲ್ಲಿ ಹಬೆಯಿಂದ ತಿರುಗುವ ಟರ್ಬೈನ್ ಹಾಕಿದ 'ಟರ್ಬೀನಿಯಾ' ಎಂಬ ಹಡಗು ಇಳಿಸಿದ. ಎಂಜಿನ್ ಜೋರಾಗಿ ತಿರುಗಿತು, ಹಡಗು ಮಾತ್ರ ಅಂದುಕೊಂಡಷ್ಟು ಓಡಲಿಲ್ಲ. ಪ್ರೊಪೆಲ್ಲರ್ ನೀರನ್ನು ತಳ್ಳುವ ಬದಲು ಗುಳ್ಳೆಗಳಲ್ಲಿ ತಿರುಗುತ್ತಿತ್ತು. ಪಾರ್ಸನ್ಸ್ ಒಂದು ಪುಟ್ಟ ತೊಟ್ಟಿ ಮಾಡಿ, ಕಿಟಕಿ ಇಟ್ಟು, ಗುಳ್ಳೆ ಏಳುವುದನ್ನು ಕಣ್ಣಾರೆ ನೋಡಿದ. ಕೊನೆಗೆ ಮೂರು ದಂಡ, ಒಂದೊಂದಕ್ಕೆ ಮೂರು ಪ್ರೊಪೆಲ್ಲರ್, ಒಟ್ಟು ಒಂಬತ್ತು ಹಾಕಿ ಭಾರ ಹಂಚಿದ. 1897ರಲ್ಲಿ ರಾಣಿ ವಿಕ್ಟೋರಿಯಾಳ ನೌಕಾ ಪ್ರದರ್ಶನದಲ್ಲಿ ಅದು 30 ನಾಟ್‌ಗೂ (ಗಂಟೆಗೆ ಸುಮಾರು 55 ಕಿ.ಮೀ.) ಮೀರಿ ಓಡಿ ದೊಡ್ಡ ದೊಡ್ಡವರ ಬಾಯಿ ಮುಚ್ಚಿಸಿತು. ಅದಕ್ಕೂ ಮೊದಲೇ, 1872ರಲ್ಲಿ, ವಿಲಿಯಂ ಫ್ರೂಡ್ ಟಾರ್ಕಿ ಎಂಬ ಊರಲ್ಲಿ ಉದ್ದನೆಯ ನೀರಿನ ತೊಟ್ಟಿ ಕಟ್ಟಿ, ಹಡಗಿನ ಪುಟ್ಟ ಮಾದರಿಯನ್ನು ಎಳೆದು, ಅದರಿಂದ ದೊಡ್ಡ ಹಡಗಿಗೆ ಎಷ್ಟು ಶಕ್ತಿ ಬೇಕು ಅಂತ ಲೆಕ್ಕ ಹಾಕುವ ದಾರಿ ತೋರಿಸಿದ್ದ. ಇವತ್ತಿಗೂ ಹಡಗು ಕಟ್ಟುವ ಮೊದಲು ಮಾಡುವುದು ಇದನ್ನೇ. ವಿಶಾಖಪಟ್ಟಣದ ನೌಕಾ ಪ್ರಯೋಗಾಲಯ ಎನ್‌ಎಸ್‌ಟಿಎಲ್‌ನಲ್ಲಿ ಇಂಥ ತೊಟ್ಟಿ 500 ಮೀಟರ್ ಉದ್ದ ಇದೆ.

ಹಡಗು ಮುಂದೆ ತಳ್ಳುವ ವಿದ್ಯೆ 150 ವರ್ಷಗಳಲ್ಲಿ ಇಷ್ಟು ಮುಂದೆ ಬಂತು. ಹಣ್ಣು ಕೀಳುವ ವಿದ್ಯೆ ಇನ್ನೂ ತಡಕಾಡುತ್ತಿದೆ. ಹಡಗಿನವರು ಜಾಣರು, ರೋಬೊದವರು ದಡ್ಡರು ಅಂತಲ್ಲ. ನೀರು ಎಲ್ಲ ಕಡೆ ನೀರೇ. ಕಾಂಡ್ಲಾದ ಉಪ್ಪುನೀರೂ ಮೊಜಾಂಬಿಕ್‌ನ ಬೈರಾ ಬಂದರಿನ ಉಪ್ಪುನೀರೂ ಪ್ರೊಪೆಲ್ಲರ್‌ಗೆ ಹೆಚ್ಚು ಕಡಿಮೆ ಒಂದೇ. ಒಂದು ತೊಟ್ಟಿಯಲ್ಲಿ ಕಲಿತ ಪಾಠ ಎಲ್ಲ ಸಮುದ್ರಕ್ಕೂ ಆಗುತ್ತದೆ, ಭೀಮಾ ದಂಡೆಯ ಐದು ಎಚ್‌ಪಿ ಪಂಪಿಗೂ ಆಗುತ್ತದೆ. ಗಿಡ ಹಾಗಲ್ಲ. ಒಂದೇ ತೋಟದ ಎರಡು ಪೇರಲ ಗಿಡ ಒಂದೇ ಥರ ಇರುವುದಿಲ್ಲ. ಒಂದು ಕಡೆ ಕಲಿತದ್ದು ಇನ್ನೊಂದು ಕಡೆ ಅರ್ಧಕ್ಕೆ ಅರ್ಧ ಉಪಯೋಗಕ್ಕೆ ಬರುವುದಿಲ್ಲ. ಸ್ವೀಪರ್‌ನ 61 ಮತ್ತು 18 ಹೇಳುವುದು ಇದನ್ನೇ.

ಹಡಗಿನ ಮಾತು ಬಂತಲ್ಲ, ನಮ್ಮ ಎಪಿಎಂಸಿ ಯಾರ್ಡಿನಲ್ಲಿ ಕೂತವರಿಗೆ ಬೈರಾ ಹೊಸ ಹೆಸರೇನಲ್ಲ. ಭಾರತ 2016ರಲ್ಲಿ ಮೊಜಾಂಬಿಕ್ ಜೊತೆ ತೊಗರಿ ತರಿಸುವ ಒಪ್ಪಂದ ಮಾಡಿಕೊಂಡಿತು. ಮ್ಯಾನ್ಮಾರ್, ತಾಂಜಾನಿಯಾ, ಮಲಾವಿಯಿಂದಲೂ ತೊಗರಿ ಬರುತ್ತದೆ. ಹಡಗಿನ ವೇಗ ಹತ್ತು ಶೇಕಡಾ ಇಳಿಸಿದರೆ ಎಂಜಿನ್ನಿಗೆ ಬೇಕಾದ ಶಕ್ತಿ ಸುಮಾರು 27 ಶೇಕಡಾ ಇಳಿಯುತ್ತದೆ, ಯಾಕೆಂದರೆ ಶಕ್ತಿ ಹೆಚ್ಚು ಕಡಿಮೆ ವೇಗದ ಘನಕ್ಕೆ ತಕ್ಕಂತೆ ಏರುತ್ತದೆ. ಪ್ರಯಾಣಕ್ಕೆ ದಿನ ಜಾಸ್ತಿ ಹಿಡಿದರೂ ಒಟ್ಟು ಇಂಧನದಲ್ಲಿ 19 ಶೇಕಡಾದಷ್ಟು ಉಳಿಯುತ್ತದೆ. ಒಳ್ಳೆ ಪ್ರೊಪೆಲ್ಲರ್, ನಿಧಾನ ಓಟ, ಈಗ ಮತ್ತೆ ಹಾಯಿ ಮತ್ತು ತಿರುಗುವ ಕಂಬಗಳಿಂದ ಗಾಳಿಯ ನೆರವು, ಎಲ್ಲ ಸೇರಿ ಸಾಗಾಟ ಅಗ್ಗ ಆಗುತ್ತಾ ಹೋಗುತ್ತದೆ. ಕಲಬುರಗಿಯ ತೊಗರಿಗೆ 2019ರಲ್ಲಿ ಜಿಐ ಟ್ಯಾಗ್, ಅಂದರೆ ಊರಿನ ಹೆಸರಿಗೆ ಕಾನೂನಿನ ರಕ್ಷಣೆ, ಬಂತು. ಅದೇ ತೊಗರಿಯ ದರ ಬಂದರಿಗೆ ಬಂದು ನಿಂತ ಹಡಗಿನ ಜೊತೆಗೂ ಪೈಪೋಟಿ ನಡೆಸಬೇಕು. ದರ ಕೂಡಿಸುವುದೂ ಕಳೆಯುವುದೂ ಬಹುಮಟ್ಟಿಗೆ ಆಮದು ಸುಂಕದ ತೀರ್ಮಾನ, ಅದು ದಿಲ್ಲಿಯ ಕೆಲಸ. ಆದರೂ ದೂರದ ಒಂದು ತೊಟ್ಟಿಯಲ್ಲಿ ಯಾರೋ ಮಾಡಿದ ಸಂಶೋಧನೆ ನಮ್ಮ ಅಂಗಳಕ್ಕೆ ಹೀಗೂ ಬರುತ್ತದೆ.

ಮತ್ತೆ ಗಿಡದ ಕಡೆ. ಯಂತ್ರ ಗಿಡಕ್ಕೆ ಹೊಂದದಿದ್ದರೆ ಗಿಡವನ್ನೇ ಯಂತ್ರಕ್ಕೆ ಹೊಂದಿಸಿದರೆ? ಗೆದ್ದವರೆಲ್ಲ ಮಾಡಿದ್ದು ಇದನ್ನೇ. ಕ್ಯಾಲಿಫೋರ್ನಿಯಾದ ಡೇವಿಸ್ ವಿಶ್ವವಿದ್ಯಾಲಯದಲ್ಲಿ ಕೋಬಿ ಲೊರೆಂಜನ್ ಟೊಮೆಟೊ ಕೊಯ್ಯುವ ಯಂತ್ರ ಮಾಡುತ್ತಿದ್ದಾಗ ಜ್ಯಾಕ್ ಹ್ಯಾನಾ ಆ ಯಂತ್ರಕ್ಕೆ ತಕ್ಕ ಟೊಮೆಟೊ ತಳಿ ಬೆಳೆಸುತ್ತಿದ್ದ. ಸಿಪ್ಪೆ ಗಟ್ಟಿ, ಎಲ್ಲ ಕಾಯಿ ಒಟ್ಟಿಗೆ ಹಣ್ಣಾಗಬೇಕು, ಅಲ್ಲಾಡಿಸಿದರೆ ಗಿಡದಿಂದ ಬಿಡಬೇಕು. ಮೆಕ್ಸಿಕೊದಿಂದ ಕೂಲಿ ತರಿಸುವ ಯೋಜನೆ 1964ರ ಕೊನೆಗೆ ನಿಂತಿತು. ಆಮೇಲೆ ಕೆಲವೇ ವರ್ಷಗಳಲ್ಲಿ ಅಲ್ಲಿನ ಸಾಸ್ ಕಾರ್ಖಾನೆಗೆ ಹೋಗುವ ಟೊಮೆಟೊ ಬಹುತೇಕ ಯಂತ್ರದಲ್ಲೇ ಕೊಯ್ಲಾಯಿತು. ಸೇಬು ಬೆಳೆಯುವವರು ಮರವನ್ನು ಮರ ಆಗಲು ಬಿಡುವುದನ್ನೇ ನಿಲ್ಲಿಸಿದ್ದಾರೆ. ತಂತಿಗೆ ಕಟ್ಟಿ ಗೋಡೆ ಹಾಗೆ ಬೆಳೆಸುತ್ತಾರೆ, ಹಣ್ಣೆಲ್ಲ ಎದುರಿಗೇ ಕಾಣುತ್ತದೆ.

ಅಷ್ಟಾದರೂ ವ್ಯಾಪಾರ ಗ್ಯಾರಂಟಿ ಇಲ್ಲ. ಅಮೆರಿಕದ ಅಬಂಡಂಟ್ ರೊಬೊಟಿಕ್ಸ್ ಸೇಬನ್ನು ಗಾಳಿಯ ಕೊಳವೆಯಿಂದ ಹೀರಿ ಕೀಳುವ ಯಂತ್ರ ಮಾಡಿತು, 2019ರಲ್ಲಿ ನ್ಯೂಜಿಲೆಂಡಿನಲ್ಲಿ ವಾಣಿಜ್ಯ ಕೊಯ್ಲು ಕೂಡ ಮಾಡಿತು. ಸುದ್ದಿಯೋ ಸುದ್ದಿ. 2021ರಲ್ಲಿ ಬಾಗಿಲು ಹಾಕಿತು.

ನಮ್ಮಲ್ಲಿ ಇಂಥದ್ದೆಲ್ಲಿ ಅನ್ನಬೇಡಿ. ಕಲಬುರಗಿಯಲ್ಲೇ ಆಗಿದೆ, ಹಣ್ಣಿನಲ್ಲಿ ಅಲ್ಲ, ಕಡಲೆಯಲ್ಲಿ. ಕಡ್ಲಿ ಕೀಳುವುದು ಅಂದರೆ ಏನು ಅಂತ ಎರಿ ಹೊಲದ ಹೆಣ್ಣುಮಕ್ಕಳನ್ನು ಕೇಳಬೇಕು. ಬಿಸಿಲೇರಿದರೆ ಕಾಯಿ ಉದುರುತ್ತದೆ, ಅದಕ್ಕೆ ನಸುಕಿನಲ್ಲೇ ಹೋಗಬೇಕು. ಗಿಡದ ಮೇಲೆ ಇಬ್ಬನಿ, ಇಬ್ಬನಿಯಲ್ಲಿ ಕಡಲೆಯ ಹುಳಿ. ಬೆರಳಿನ ಸಂದಿಯಲ್ಲಿ ಒಂದು ಗೀರಿದ್ದರೂ ಉರಿ ಹತ್ತುತ್ತದೆ. ನಮ್ಮವ್ವ ಕೈಗೆ ಹಳೆ ಬಟ್ಟೆ ಸುತ್ತಿಕೊಂಡು ಹೋಗುತ್ತಿದ್ದಳು. ರಾತ್ರಿ ಕೈಗೆ ಎಣ್ಣೆ ಹಚ್ಚುವಾಗ ಹಾ ಹಾ ಅನ್ನುವುದು ನನಗೆ ಈಗಲೂ ಕೇಳಿಸುತ್ತದೆ.

ಹಾರ್ವೆಸ್ಟರ್ ಹಚ್ಚಬೇಕೆಂದರೆ ಗಿಡ ಗಿಡ್ಡ, ಪೊದೆ ಹಾಗೆ ನೆಲಕ್ಕೆ ಹರಡಿರುತ್ತದೆ. ಮಷಿನ್ನಿನ ಅಲಗು ಅಷ್ಟು ಕೆಳಗೆ ಹೋದರೆ ಕಾಯಿಗಿಂತ ಮಣ್ಣೇ ಜಾಸ್ತಿ ಬರುತ್ತದೆ. ಇದಕ್ಕೆ ಉತ್ತರ ಹುಡುಕಿದವರು ಕಲಬುರಗಿಯ ಕೃಷಿ ಸಂಶೋಧನಾ ಕೇಂದ್ರದವರು. ರಾಯಚೂರು ಕೃಷಿ ವಿಶ್ವವಿದ್ಯಾಲಯದ ಈ ಕೇಂದ್ರ, ಹೈದರಾಬಾದ್ ಪಕ್ಕದ ಅಂತರರಾಷ್ಟ್ರೀಯ ಬೆಳೆ ಸಂಶೋಧನಾ ಸಂಸ್ಥೆ ಇಕ್ರಿಸ್ಯಾಟ್ ಜೊತೆ ಸೇರಿ, ನೆಟ್ಟಗೆ ಎತ್ತರಕ್ಕೆ ಬೆಳೆಯುವ, ಕಾಯಿ ನೆಲದಿಂದ ಮೇಲೆ ಹಿಡಿಯುವ ಜಿಬಿಎಂ-2 ಎಂಬ ಕಡಲೆ ತಳಿಯನ್ನು 2016ರಲ್ಲಿ ಬಿಡುಗಡೆ ಮಾಡಿತು. ಹೊಸ ಯಂತ್ರ ಮಾಡಲಿಲ್ಲ. ಇದ್ದ ಹಾರ್ವೆಸ್ಟರ್‌ಗೆ ಗಿಡವನ್ನು ಎತ್ತಿ ಕೊಟ್ಟರು. ನನ್ನ ದೃಷ್ಟಿಯಲ್ಲಿ ಇದು ನಮ್ಮ ಭಾಗದಲ್ಲಿ ನಡೆದ ಅಪ್ಪಟ ರೋಬೊ ಸಂಶೋಧನೆ, ಅದರಲ್ಲಿ ಒಂದೇ ಒಂದು ಮೋಟರ್ ಇಲ್ಲದಿದ್ದರೂ.

ತಳಿ ಬಂತು ಅಂದ ಮಾತ್ರಕ್ಕೆ ಎಲ್ಲರೂ ಬಿತ್ತುವುದಿಲ್ಲ, ಅದೂ ನಿಜ. ಇಳುವರಿ ನೋಡುತ್ತಾರೆ, ಕಾಳಿನ ದಪ್ಪ ನೋಡುತ್ತಾರೆ, ಬೀಜ ಸಮಯಕ್ಕೆ ಸಿಕ್ಕಿತಾ ನೋಡುತ್ತಾರೆ, ಪಕ್ಕದ ಹೊಲದವನನ್ನು ನೋಡುತ್ತಾರೆ. ಆದರೆ ಆ ಸಂಶೋಧನೆ ಶುರುವಾದದ್ದು ಇಲ್ಲಿನ ಉರಿಯುವ ಕೈಯಿಂದ, ಫೋಟೋ ಎಲ್ಲಿ ಸಿಗುತ್ತದೆ ಅನ್ನುವುದರಿಂದ ಅಲ್ಲ.

ದುಡ್ಡಿನ ಲೆಕ್ಕ ಬೇಗ ಮುಗಿಸುತ್ತೇನೆ, ಯಾಕೆಂದರೆ ಅದು ಸರಳ. ಕರ್ನಾಟಕದಲ್ಲಿ ಒಬ್ಬ ರೈತನ ಸರಾಸರಿ ಹಿಡುವಳಿ 2015-16ರ ಕೃಷಿ ಗಣತಿ ಪ್ರಕಾರ 1.36 ಹೆಕ್ಟೇರ್, ಮೂರು ಎಕರೆ ಚಿಲ್ಲರೆ. ಅದರಲ್ಲಿ ಹಣ್ಣಿನ ತೋಟ ಎಷ್ಟಿರಬೇಕು? ವರ್ಷಕ್ಕೆ ಕೆಲವು ವಾರ ಓಡುವ ಯಂತ್ರವನ್ನು ಒಬ್ಬನೇ ಕೊಳ್ಳಲು ಆಗುವುದಿಲ್ಲ. ಬಾಡಿಗೆಗೆ ಅಂದರೆ, ಹೋಬಳಿ ಮಟ್ಟದಲ್ಲಿ ಕೃಷಿ ಯಂತ್ರಧಾರೆ ಕೇಂದ್ರಗಳಿವೆ. ಆದರೆ ಹಣ್ಣು ಎಲ್ಲರದ್ದೂ ಒಂದೇ ವಾರಕ್ಕೆ ಬರುತ್ತದೆ, ಎಲ್ಲರಿಗೂ ಅದೇ ವಾರ ಯಂತ್ರ ಬೇಕು. ಮೇಲೆ ಬೇಸಿಗೆಯ 42 ಡಿಗ್ರಿ, ಧೂಳು, ಮಳೆ ಬಂದರೆ ಎರಿ ಮಣ್ಣಿನ ಅಂಟು. ಹೂತ ಟ್ರ್ಯಾಕ್ಟರ್ ಎತ್ತಿದವರಿಗೆ ಆ ಅಂಟು ಗೊತ್ತು.

ಆಳಿನ ಲೆಕ್ಕ ಅಷ್ಟು ಸರಳ ಅಲ್ಲ. ಆಳು ಸಿಗೋದಿಲ್ಲ ಅನ್ನುವ ಊರಿನಿಂದಲೇ ಬೆಂಗಳೂರು, ಮುಂಬೈ, ಪುಣೆಗೆ ಗುಳೆ ಹೋಗುತ್ತಾರೆ. ಯಾದಗಿರಿಯ ತಾಂಡಾಗಳಲ್ಲಿ ಸುಗ್ಗಿ ಮುಗಿದ ಮೇಲೆ ಮುದುಕರು, ಮಕ್ಕಳು ಮಾತ್ರ ಉಳಿಯುವ ಮನೆಗಳಿವೆ. ಜನ ಇಲ್ಲ ಅಂತಲ್ಲ, ಈ ಕೂಲಿಗೆ, ಈ ಕೆಲವೇ ದಿನಕ್ಕೆ ಇಲ್ಲ. ಉಳಿದ ಕೆಲಸ ಹೆಣ್ಣುಮಕ್ಕಳ ಮೇಲೆ ಬಿದ್ದಿದೆ, ಹತ್ತಿ ಬಿಡಿಸುವುದರಿಂದ ಹಿಡಿದು ಪೇರಲ ಕೀಳುವವರೆಗೆ. ಯಂತ್ರ ಬಂದರೆ ಮೊದಲು ಹೋಗುವುದು ಅವರ ಕೂಲಿ. ಕ್ಯಾಲಿಫೋರ್ನಿಯಾದಲ್ಲಿ ಈ ಪ್ರಶ್ನೆ ಕೋರ್ಟಿಗೇ ಹೋಯಿತು. ಸರ್ಕಾರದ ದುಡ್ಡಿನಲ್ಲಿ ವಿಶ್ವವಿದ್ಯಾಲಯ ಮಾಡಿದ ಯಂತ್ರ ಸಂಶೋಧನೆ ದೊಡ್ಡ ಜಮೀನುದಾರರಿಗೆ ಲಾಭ ಮಾಡಿ ಕೂಲಿಗಳ ಕೆಲಸ ಕಳೆಯಿತು ಅಂತ 1979ರಲ್ಲಿ ಕೇಸು ಹಾಕಿದರು. ಹತ್ತು ವರ್ಷ ನಡೆದು ಕೊನೆಗೆ ವಿಶ್ವವಿದ್ಯಾಲಯದ ಕಡೆಯೇ ಆಯಿತು. ಆದರೆ ಕೇಳಿದ ಪ್ರಶ್ನೆ ತಪ್ಪಾಗಿರಲಿಲ್ಲ.

ನಾನು ಯಂತ್ರ ಬೇಡ ಅನ್ನುವವನಲ್ಲ. ನಮ್ಮವ್ವನ ಕೈ ನೋಡಿದವನು ಹಾಗೆ ಅನ್ನಲಾರ. ಕೆಲಸದ ಯಾವ ತುಂಡನ್ನು ಯಂತ್ರಕ್ಕೆ ಕೊಡಬೇಕು ಅನ್ನುವುದರಲ್ಲಿ ನನ್ನ ತಕರಾರು. ತೊಗರಿ ಕುಡಿ ಚಿವುಟಲು ಬ್ಯಾಟರಿ ಮಷಿನ್ ಬಂದಾಗ ಯಾರೂ ಅದನ್ನು ರೋಬೊ ಅನ್ನಲಿಲ್ಲ. ಒಂದು ಕಡ್ಡಿ, ತುದಿಗೆ ಸಣ್ಣ ಮೋಟರ್, ತಿರುಗುವ ಅಲಗು, ಬೆನ್ನಿಗೆ ಬ್ಯಾಟರಿ. ಯಾವ ಕುಡಿ ಕತ್ತರಿಸಬೇಕು ಅಂತ ನೋಡುವುದು ಮನುಷ್ಯ, ಕತ್ತರಿಸುವುದು ಮಷಿನ್. ಕಣ್ಣಿನ ಕೆಲಸ ಕಣ್ಣಿಗೆ, ಸೊಂಟದ ಕೆಲಸ ಮೋಟರ್‌ಗೆ.

ಸೇಬು ಕಿತ್ತ ಹುಡುಗರಿಗೂ ಹೀಗೇ ಅಂದೆ. ಪ್ಲಾಸ್ಟಿಕ್ ಗಿಡ ಬಿಡ್ರಪ್ಪ, ಒಂದು ಭಾನುವಾರ ನಮ್ಮ ಬೀಗರ ತೋಟಕ್ಕೆ ಬರ್ರಿ. ನಾಲ್ವರಲ್ಲಿ ಇಬ್ಬರು ಬಂದರು, ಗಾಡಿಯನ್ನು ಆಟೋದಲ್ಲಿ ಹಾಕಿಕೊಂಡು. ಹನ್ನೊಂದು ಗಂಟೆಗೆ ಕ್ಯಾಮೆರಾ ಚಾಲೂ ಮಾಡಿದರು. ಹಸಿರು ಬಿಟ್ಟು ಅದಕ್ಕೆ ಏನೂ ಕಾಣಲಿಲ್ಲ. ಒಂದು ಸಲ ಅಕ್ಕನ ಕೆಂಪು ಕುಪ್ಪಸದ ತೋಳಿಗೆ ಚೌಕ ಹಾಕಿ 'ಸೇಬು' ಅಂತ ತೋರಿಸಿತು. ಎಲ್ಲರೂ ನಕ್ಕರು, ಹುಡುಗರೂ. ಸಣ್ಣ ಗಾಲಿಗಳು ಪಾತಿಯಲ್ಲಿ ಸಿಕ್ಕಿಕೊಂಡವು.

ಮಧ್ಯಾಹ್ನ ರೊಟ್ಟಿ ತಿಂದು ಸುಮ್ನೆ ಕೂತಿದ್ದಾಗ ಆ ಹುಡುಗನೇ ಒಂದು ವಿಷಯ ಗಮನಿಸಿದ. ಅಕ್ಕಂದಿರು ಕೀಳುವುದು ಎರಡು ಸೆಕೆಂಡಿನಲ್ಲಿ. ಆದರೆ ಕ್ರೇಟ್ ತುಂಬಿದ ಮೇಲೆ ಇಬ್ಬರು ಅದನ್ನು ಹಿಡಿದು, ಬದು ದಾಟಿ, ಟೆಂಪೋ ನಿಂತ ಜಾಗಕ್ಕೆ ಇನ್ನೂರು ಹೆಜ್ಜೆ ಹೋಗಿ ಬರುತ್ತಿದ್ದರು. ಇಡೀ ದಿನ. ಅವನು ಪುಸ್ತಕ ತೆಗೆದು ಎಣಿಸಿದ. ಕೀಳಲು ಹಿಡಿದ ಸಮಯ, ಹೊರಲು ಹಿಡಿದ ಸಮಯ, ಎರಡೂ ಹತ್ತಿರ ಹತ್ತಿರ. ಸ್ವೀಪರ್‌ನ 24 ಸೆಕೆಂಡಿನ ಲೆಕ್ಕ ಅವನಿಗೆ ಹೇಳಿದೆ. ಅರ್ಧ ಅಲ್ಲೂ ಹೊರುವುದಕ್ಕೇ ಹೋಗಿತ್ತು.

ಸಂಜೆ ಗಾಡಿ ಎತ್ತುವ ಮೊದಲು ಅವರು ಅದರ ಕೈಯನ್ನು ಬಿಚ್ಚಿದರು. ಕ್ಯಾಮೆರಾ ಬಿಚ್ಚಿದರು. ಉಳಿದ ಚೌಕಟ್ಟಿನ ಮೇಲೆ ಒಂದು ಖಾಲಿ ಕ್ರೇಟ್ ಇಟ್ಟು, ಇನ್ನೂ ದೊಡ್ಡ ಗಾಲಿ ಎಷ್ಟು ಇಂಚಿನದು ಹಾಕಬೇಕು, ಬದು ಹತ್ತಲು ಮೋಟರ್ ಎಷ್ಟರದ್ದು ಬೇಕು ಅಂತ ನನ್ನನ್ನು ಕೇಳುತ್ತಿದ್ದರು. ಅಕ್ಕ ಬಂದು ಕ್ರೇಟಿನ ಅಂಚು ಹಿಡಿದು ಒಂದು ಸಲ ಅಲ್ಲಾಡಿಸಿ ನೋಡಿದಳು.

"ಎರಡ್ ಕ್ರೇಟ್ ಹಿಡಿಯೋ ಹಂಗ ಮಾಡ್ರಿ," ಅಂದಳು.